ಹತ್ತರಲ್ಲಿ ಒಂದು

ಇಪ್ಪತ್ತಮೂರು ಉತ್ತರಪತ್ರಿಕೆ.
ದಾವಣಗೆರೆಯ ಹತ್ತಿ ಗಿರಣಿಯೊಂದು ಮುಚ್ಚಿದ ಮೇಲೆ
ಅದರ ಕ್ಯಾಂಟೀನಿನಲ್ಲಿ ಶುರುವಾದ ಸಮುದಾಯ ಕಾಲೇಜು,
ಲ್ಯಾಬ್ ಸಹಾಯಕರ ಕೋರ್ಸು, ಎರಡನೇ ಕಿರುಪರೀಕ್ಷೆ.
ಕಿಟಕಿ ತೆಗೆದರೆ ಭಟ್ಟಿಗಳ ಕಡೆಯಿಂದ
ಹುರಿದ ಮಂಡಕ್ಕಿಯ ಬಿಸಿ ವಾಸನೆ,
ಮುಚ್ಚಿದರೆ ಸೆಖೆ.
ತೆಗೆದೇ ಕೂತೆ, ಕೆಂಪು ಪೆನ್ನು ಹಿಡಿದು.

ನಾಲ್ಕನೇ ಪ್ರಶ್ನೆ ಪುಟ್ಟದು,
ಪುಕ್ಕಟೆ ಅಂಕ ಅಂದುಕೊಂಡೇ ಕೊಟ್ಟದ್ದು:
ಒಂದು ಮಿಲಿ ಸೀರಂ ಹತ್ತು ಪಟ್ಟು ತೆಳುವಾಗಬೇಕು,
ಸಲೈನ್ ಎಷ್ಟು ಹಾಕುತ್ತೀರಿ?

ಮುಬೀನಾ: ಹತ್ತು.
ಕೊಟ್ರೇಶ: ಹತ್ತು, ಕೆಳಗೆ ಎರಡು ಗೆರೆ.
ಹಾಲಮ್ಮ: ಹತ್ತು, ಮುತ್ತು ಪೋಣಿಸಿದ ಅಕ್ಷರದಲ್ಲಿ.
ಹತ್ತು. ಹತ್ತು. ಹತ್ತು.
ಹತ್ತೊಂಬತ್ತು ಜನ ಹತ್ತು ಅಂದರು,
ಮೂವರು ಜಾಗ ಖಾಲಿ ಬಿಟ್ಟರು.

ಮೊದಲು ಬಂದದ್ದು ಸಿಟ್ಟೇ, ಸುಳ್ಳು ಯಾಕೆ.
ಕಾಪಿ, ಅಂದುಕೊಂಡೆ. ಬೆಂಚುಗಳ ನಕ್ಷೆ ಬರೆದು
ಯಾರಿಂದ ಯಾರಿಗೆ ಹರಿದಿರಬಹುದು ಅಂತ
ಬಾಣ ಎಳೆಯುತ್ತಾ ಹೋದೆ.
ಮೂಲೆಯಲ್ಲಿ ಒಂಟಿ ಕೂರುವ ದುಗ್ಗಮ್ಮನೂ ಹತ್ತು.
ಅಲ್ಲಿಯವರೆಗೆ ಯಾವ ಬಾಣವೂ ತಲುಪಲಿಲ್ಲ.

ಒಂಬತ್ತು ಎಂದು ಸರಿ ಬರೆದವನು ಒಬ್ಬನೇ, ಅಜ್ಜಯ್ಯ.
ಹಾಜರಿ ಪುಸ್ತಕ ತಿರುವಿದೆ:
ನಾನು ಆ ಪಾಠ ಮಾಡಿದ ದಿನ
ಅಜ್ಜಯ್ಯ ಗೈರು.

ಮರುದಿನ ಹಾಲಮ್ಮನ ನೋಟ್ಸು ಇಸಕೊಂಡೆ.
ನಾನು ಕೆಮ್ಮಿದರೂ ಬರೆದುಕೊಳ್ಳುವ ಹುಡುಗಿ.
ಅಲ್ಲಿತ್ತು, ನನ್ನದೇ ಮಾತು, ಅವಳ ನೀಲಿ ಶಾಯಿಯಲ್ಲಿ:
"ಒಂದಕ್ಕೆ ಹತ್ತು."

ಹತ್ತರಲ್ಲಿ ಒಂದು ಅನ್ನಬೇಕಿತ್ತು.
ಕೈಕಟ್ಟಿ ನಿಂತು ಒಪ್ಪಿಸಿದ್ದೆ ಹೈಸ್ಕೂಲಿನಲ್ಲಿ
ಚತುರ್ಥಿಗೆ ಕ್ಕೆ, ಸಪ್ತಮಿಗೆ ಅಲ್ಲಿ;
ಅವೆರಡರ ನಡುವೆ ಒಂದು ಮಿಲಿ ಸಲೈನ್ ಇದೆ ಅಂತ,
ಯಾರದೋ ಸಕ್ಕರೆಯ ರಿಪೋರ್ಟು
ಆ ಒಂದು ಮಿಲಿಯಲ್ಲಿ ಸುಳ್ಳಾಗಬಹುದು ಅಂತ
ಕನ್ನಡದ ಮೇಷ್ಟ್ರು ಹೇಳಿರಲಿಲ್ಲ.
ಅವರಿಗೇನು ಗೊತ್ತು ಪಾಪ.

ಗುರುವಾರ ಹೊಸ ಪಾಠ ಬದಿಗಿಟ್ಟೆ.
ಗೇಟಿನ ಚಹಾದಂಗಡಿಯಿಂದ ಹತ್ತು ಲೋಟ ಎರವಲು ತಂದು
ಸಾಲಾಗಿಟ್ಟು ಒಂದರಲ್ಲಿ ಕೆಂಪು ಶಾಯಿ ಸುರಿದೆ.
"ತಪ್ಪು ನಿಮ್ಮದಲ್ಲ, ನನ್ನದು" ಅಂದೆ.
ಯಾರೂ ನಂಬಲಿಲ್ಲ.
ಬೈಯುವುದರಲ್ಲಿ ಇದೊಂದು ಹೊಸ ಬಗೆ ಇರಬೇಕೆಂದು
ತಲೆ ತಗ್ಗಿಸಿ ಕೂತರು.

ಲೋಟಗಳನ್ನೇ ನೋಡುತ್ತಿದ್ದ ಮುಬೀನಾ ಎದ್ದಳು:
"ಮೇಡಂ, ನಮ್ಮನ್ಯಾಗೆ ಹತ್ತು ಮಂದಿ ಅಂದ್ರೆ
ನಾನೂ ಸೇರೇ ಹತ್ತಲ್ವಾ?
ನನ್ ಬಿಟ್ಟು ಹತ್ತಾದ್ರೆ
ರೇಷನ್ ಕಾರ್ಡ್‌ನಾಗೆ ಹನ್ನೊಂದು ಹೆಸ್ರು ಇರ್ಬೇಕಿತ್ತು."

ಹಲಗೆಯ ಮೇಲಿದ್ದ ನನ್ನ ಸೂತ್ರ ಒರೆಸಿ
ಅವಳ ಮನೆಯವರನ್ನು ಬರೆದೆ,
ಅಬ್ಬು, ಅಮ್ಮಿ, ದಾದಿ,
ಕೊನೆಗೆ ಸೀರಂ ಇರುವ ಕಡೆ ಮುಬೀನಾ.
ಅವಳು ಮುಖ ಮುಚ್ಚಿಕೊಂಡು ನಕ್ಕಳು.

ಮತ್ತೆ ಪರೀಕ್ಷೆ. ಹದಿನೇಳು ಜನ ಒಂಬತ್ತು.
ನಾಲ್ವರಿಗೆ ಇನ್ನೂ ಹತ್ತೇ. ಒಬ್ಬಳು ಖಾಲಿ.

ಫಾರಂ ಬಂತು, ನಾಕ್ ಸಮಿತಿಗೆಂದು ವರ್ಷವೂ ತುಂಬುವಂಥದ್ದು.
ಸುಧಾರಣೆಗೆ ಕೈಗೊಂಡ ಕ್ರಮ?
"ವಿಭಕ್ತಿ ಬದಲಿಸಿದೆ" ಎಂದು ಬರೆದೆ.
ಸಂಜೆಯೊಳಗೆ ವಾಪಸು: ಅಸ್ಪಷ್ಟ, ಶೇಕಡಾವಾರು ನಮೂದಿಸಿ.
ನಮೂದಿಸಿದೆ. ಎಪ್ಪತ್ತಮೂರು ಪಾಯಿಂಟ್ ಒಂಬತ್ತು.
ಎಲ್ಲರಿಗೂ ಸಮಾಧಾನ.

ಇಪ್ಪತ್ತಮೂರರಲ್ಲಿ ಒಬ್ಬ ಲೆಕ್ಕಕ್ಕೆ ಸಿಗದೆ ಉಳಿದಿದ್ದಾನೆ.
ಅಜ್ಜಯ್ಯ ಈ ಸಲ ಕ್ಲಾಸಿನಲ್ಲಿದ್ದ,
ಮುಂದಿನ ಬೆಂಚಿನಲ್ಲಿ, ಎಲ್ಲ ಕೇಳಿಸಿಕೊಂಡ,
ಎಂಟು ಎಂದು ಬರೆದ.

ಭಟ್ಟಿಯ ರಾತ್ರಿಪಾಳಿ ಮುಗಿಸಿ ಬರುತ್ತಾನೆ,
ತೋಳಿಗೆ ಅಂಟಿದ ಮಂಡಕ್ಕಿ ಹೊಟ್ಟಿನೊಂದಿಗೆ.
ನಾಳೆ ಬೇಗ ಹೋಗಿ ಅವನ ಪಕ್ಕ ಕೂರಬೇಕು.
ಆ ಎಂಟು ಎಲ್ಲಿಂದ ಬಂತು,
ಯಾರನ್ನು ಬಿಟ್ಟೆ, ಕೇಳಬೇಕು.